ಸಹಿ ಸಿಕ್ಕರೆ ಒಪ್ಪಿಗೆ ಸಿಕ್ಕಂತೆಯೇ?

ಮಿನಿ ಪ್ರಾಜೆಕ್ಟ್ ಇನ್ನೂ ದೂರ ಇದ್ದರೂ ನಮ್ಮ ಬ್ಯಾಚಿನಲ್ಲಿ ಐಡಿಯಾಗಳು ಈಗಲೇ ಓಡಾಡುತ್ತಿವೆ. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಹೆಣ್ಣುಮಕ್ಕಳ ಮಣಿಕಟ್ಟಿಗೆ ಸೆನ್ಸರ್ ಹಾಕಿ ಕೈನೋವು ಯಾಕೆ ಬರುತ್ತದೆ ಅಂತ ನೋಡುವುದು, ಅಥಣಿ-ಕಾಗವಾಡ ಕಡೆ ಕಬ್ಬು ಕಡಿಯುವವರ ಹಾರ್ಟ್ ರೇಟ್ ಅಳೆಯುವುದು, ರಾಯಬಾಗದ ಶಾಲೆ ಮಕ್ಕಳ ಮೇಲೆ ಒಂದು ಆ್ಯಪ್ ಟೆಸ್ಟ್ ಮಾಡುವುದು. ಐಡಿಯಾ ಛಲೋನ ಅದಾವು. ಆದರೆ ಇವೆಲ್ಲದರಲ್ಲೂ ಬ್ರೆಡ್‌ಬೋರ್ಡ್ ಜಾಗದಲ್ಲಿ ಮನುಷ್ಯರಿದ್ದಾರೆ. ಮನುಷ್ಯರನ್ನು ಹೇಗೆ ಕೇಳಬೇಕು ಅನ್ನುವುದು ನಮ್ಮ ಸಿಲೆಬಸ್ಸಿನಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಅದಕ್ಕೇ ಈ ಲೇಖನ.

ಇದಕ್ಕೆ ದೂರದ ಉದಾಹರಣೆ ಬೇಕಾಗಿಲ್ಲ. 2002ರಿಂದ 2005ರವರೆಗೆ ಬೆಳಗಾವಿಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜು ಮತ್ತು ಅಮೆರಿಕದ ಸಂಶೋಧಕರು ಸೇರಿ ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಪ್ರಯೋಗ ಮಾಡಿದರು. ಹೆರಿಗೆ ಆದ ಮೇಲೆ ಆಗುವ ಅತಿಯಾದ ರಕ್ತಸ್ರಾವವನ್ನು ಮಿಸೊಪ್ರೊಸ್ಟಾಲ್ ಮಾತ್ರೆ ತಡೆಯುತ್ತದೆಯೇ ಎಂಬುದು ಪ್ರಶ್ನೆ. ಆಸ್ಪತ್ರೆಯಲ್ಲಿ ಕೊಡುವ ಆಕ್ಸಿಟೋಸಿನ್ ಇಂಜೆಕ್ಷನ್ನನ್ನು ತಂಪಿನಲ್ಲಿ ಇಡಬೇಕು, ಚುಚ್ಚಲು ಪಳಗಿದ ಕೈ ಬೇಕು. ಮಾತ್ರೆಗೆ ಎರಡೂ ಬೇಡ. ಒಟ್ಟು 1620 ತಾಯಂದಿರಲ್ಲಿ 812 ಜನರಿಗೆ ನಿಜವಾದ ಮಾತ್ರೆ, 808 ಜನರಿಗೆ ಔಷಧವೇ ಇಲ್ಲದ ಪ್ಲಸೀಬೊ. ಹೆರಿಗೆ ಮಾಡಿಸಿದವರು ಹಳ್ಳಿಯ ಎ.ಎನ್.ಎಂ. ಸಿಸ್ಟರ್‌ಗಳು. ಫಲಿತಾಂಶ 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು: ರಕ್ತಸ್ರಾವ ಶೇ. 12.0ರಿಂದ 6.4ಕ್ಕೆ ಇಳಿದಿತ್ತು. ವ್ಯತ್ಯಾಸ 5.6, ನೂರನ್ನು ಅದರಿಂದ ಭಾಗಿಸಿದರೆ ಸುಮಾರು 18. ಅಂದರೆ 18 ತಾಯಂದಿರಿಗೆ ಮಾತ್ರೆ ಕೊಟ್ಟರೆ ಒಬ್ಬರ ರಕ್ತಸ್ರಾವ ತಪ್ಪುತ್ತದೆ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದೇ ಉಪಯೋಗಕ್ಕೆ ಈ ಔಷಧವನ್ನು ತನ್ನ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಹೆಮ್ಮೆಪಡುವ ಕೆಲಸವೇ. ಆದರೂ ನಮ್ಮನ್ನು ನಿಲ್ಲಿಸಿದ್ದು ಆ 808 ಎಂಬ ಸಂಖ್ಯೆ. ಹೊಸ ಚಿಕಿತ್ಸೆಯನ್ನು ಈಗಿರುವ ಒಳ್ಳೆಯ ಚಿಕಿತ್ಸೆಗೆ ಹೋಲಿಸಿ ನೋಡಬೇಕು ಎಂದು ಹೆಲ್ಸಿಂಕಿ ಘೋಷಣೆಯ 2000ದ ತಿದ್ದುಪಡಿ ಹೇಳಿತ್ತು. ಬಲವಾದ ವೈಜ್ಞಾನಿಕ ಕಾರಣವಿದ್ದರೆ ಪ್ಲಸೀಬೊ ನಡೆಯುತ್ತದೆ ಎಂದು 2002ರ ಸ್ಪಷ್ಟೀಕರಣ ಸೇರಿಸಿತು. ಹಾಗಾದರೆ 'ಈಗಿರುವ' ಅಂದರೆ ಎಲ್ಲಿ ಇರುವುದು? ನಗರದ ಆಸ್ಪತ್ರೆಯಲ್ಲೋ, ಹಳ್ಳಿಯ ಮನೆಯಲ್ಲೋ? ಹಳ್ಳಿಯ ಮನೆಯನ್ನೇ ಅಳತೆಗೋಲು ಮಾಡಿಕೊಂಡರೆ ಪ್ರಯೋಗ ಸರಿ ಕಾಣುತ್ತದೆ, ಆದರೆ ಬಡವರ ಅಳತೆಗೋಲು ಯಾವಾಗಲೂ ಗಿಡ್ಡದ್ದೇ ಇರುತ್ತದೆ. ನಮ್ಮ ಗುಂಪಿನಲ್ಲೇ ಇದರ ಬಗ್ಗೆ ಎರಡು ಅಭಿಪ್ರಾಯ ಇವೆ, ಜಗಳ ಮುಗಿದಿಲ್ಲ.

ಜಗಳ ಇಲ್ಲದ ವಿಷಯ ಒಂದಿದೆ. ಇಂಥ ಪ್ರಯೋಗಕ್ಕೆ ಸೇರುವ ತಾಯಿಗೆ ಏನು ಗೊತ್ತಿರಬೇಕು? ಇದು ಸಂಶೋಧನೆ, ಮಾತ್ರೆಯಲ್ಲಿ ಔಷಧ ಇರಬಹುದು ಇಲ್ಲದೆಯೂ ಇರಬಹುದು, ಬೇಡ ಅಂದರೂ ಆರೈಕೆ ಕಡಿಮೆ ಆಗುವುದಿಲ್ಲ. ಎರಡನೆಯದೇ ಕಠಿಣ. ನಮ್ಮ ಕಡೆ ಸಿಸ್ಟರ್ ಕೊಟ್ಟ ಗುಳಿಗಿ ಅಂದ್ರ ಔಷಧಿನ. ಚೀಟಿ ಎತ್ತಿದ ಹಾಗೆ ಯಾರಿಗೆ ಯಾವುದು ಅಂತ ತೀರ್ಮಾನ ಆಗಿದೆ, ಸಿಸ್ಟರ್‌ಗೂ ಗೊತ್ತಿಲ್ಲ ಅಂದರೆ ಯಾರು ನಂಬುತ್ತಾರೆ? ಹೆರಿಗೆ ನೋವು ಶುರುವಾದ ಮೇಲೆ ಇದನ್ನು ವಿವರಿಸಿ ಪ್ರಯೋಜನವಿಲ್ಲ, ತಿಂಗಳ ತಪಾಸಣೆಗೆ ಬಂದಾಗಲೇ ಕೂತು ಹೇಳಬೇಕು.

ಕೇಳುವವರು ಯಾರು ಅನ್ನುವುದೂ ಅಷ್ಟೇ ದೊಡ್ಡ ಮಾತು. ಕಬ್ಬಿನ ಹಂಗಾಮಿನಲ್ಲಿ ಮಹಾರಾಷ್ಟ್ರದ ಬೀಡ ಕಡೆಯಿಂದ ಗ್ಯಾಂಗ್‌ಗಳು ಬರುತ್ತವೆ. ಮುಕಾದಮನ ಹತ್ತಿರ ಮೊದಲೇ ಅಡ್ವಾನ್ಸ್ ತಗೊಂಡಿರುತ್ತಾರೆ. ಮುಕಾದಮ "ಹೂಂ, ಮಾಡ್ಕೊಳ್ರಿ" ಅಂದರೆ ನಮ್ಮ ಕೆಲಸ ಹಗುರ ಆಗುತ್ತದೆ, ಆದರೆ ಅವರಲ್ಲಿ ಯಾರೂ 'ಬ್ಯಾಡ' ಅನ್ನಲಾರರು. ಐ.ಸಿ.ಎಂ.ಆರ್. 2017ರಲ್ಲಿ ಹೊರಡಿಸಿದ ಮಾರ್ಗಸೂಚಿ ಇದನ್ನು ಸ್ಪಷ್ಟವಾಗಿ ಹೇಳುತ್ತದೆ: ಮುಖಂಡರ ಅನುಮತಿ ಬೇಕಾಗಬಹುದು, ಅದು ವ್ಯಕ್ತಿಯ ಒಪ್ಪಿಗೆಗೆ ಬದಲಿ ಅಲ್ಲ. ಓದಲು ಬಾರದವರಿದ್ದರೆ ಸಂಶೋಧನೆಗೆ ಸಂಬಂಧ ಇಲ್ಲದ ಸಾಕ್ಷಿಯ ಎದುರು ಓದಿ ಹೇಳಿ, ಹೆಬ್ಬೆಟ್ಟು ತಗೊಳ್ಳಬೇಕು. ಶಾಲೆ ಮಕ್ಕಳಾದರೆ ಹೆಡ್‌ಮಾಸ್ಟರ್ ಸಹಿ ಸಾಲದು. ತಂದೆ ಅಥವಾ ತಾಯಿಯ ಒಪ್ಪಿಗೆ ಬೇಕು, 7 ವರ್ಷ ದಾಟಿದ ಮಗುವನ್ನೂ ಕೇಳಬೇಕು.

ಇನ್ನು ಭಾಷೆ. ಇಂಗ್ಲಿಷ್ ಫಾರ್ಮನ್ನು ಗೂಗಲ್‌ಗೆ ಹಾಕಿ ಕನ್ನಡ ಮಾಡಿದರೆ ಇಂಗ್ಲಿಷ್ ಮೀಡಿಯಮ್ಮಿನ ನಮಗೇ ತಿಳಿಯುವುದಿಲ್ಲ, ಬೀಡಿ ಕಟ್ಟುವ ಅಕ್ಕನಿಗೆ ಹೇಗೆ ತಿಳಿಯಬೇಕು? ನಿಪ್ಪಾಣಿಯಲ್ಲಿ ಎಷ್ಟೋ ಮನೆಯಲ್ಲಿ ಮರಾಠಿ, ಚಿಕ್ಕೋಡಿ ಹಳ್ಳಿಗಳಲ್ಲಿ ಎರಡೂ ನಡೆಯುತ್ತವೆ. ಎರಡರಲ್ಲೂ ತಯಾರಿರಬೇಕು, ಅದೂ ಆಡುಮಾತಿನಲ್ಲಿ. ನಾವು ಬರೆದುಕೊಂಡದ್ದು ಹೀಗಿದೆ:

"ಅಕ್ಕಾರ, ನಾವು ಕಾಲೇಜ್ ಹುಡುಗೂರು. ಇದು ನಮ್ಮ ಅಭ್ಯಾಸಕ್ಕ ಮಾಡೂದು, ಇದರಿಂದ ನಿಮ್ಮ ಕೈನೋವು ಕಡಿಮಿ ಆಗೂದಿಲ್ಲ. ಅರ್ಧ ತಾಸು ಈ ಪಟ್ಟಿ ಕೈಗೆ ಇರತೈತಿ. ಬ್ಯಾಡ ಅನ್ನಿಸಿದ್ರ ಬ್ಯಾಡ ಅನ್ರಿ, ಕಾರಣ ಹೇಳಬೇಕಾಗಿಲ್ಲ. ನಡುವ ಬಿಚ್ಚಿದ್ರೂ ನಡೀತೈತಿ."

ಇದಾದ ಮೇಲೆ 'ತಿಳೀತೇನ್ರಿ' ಅಂತ ಕೇಳಬಾರದು, ಎಲ್ಲರೂ ಹೂಂ ಅಂತಾರೆ. "ನಾವೇನ್ ಮಾಡ್ತೀವಿ ಅಂತ ನಿಮ್ಮ ಮಾತಿನ್ಯಾಗ ಹೇಳ್ರಿ" ಅನ್ನಬೇಕು. ತಪ್ಪು ಹೇಳಿದರೆ ಮತ್ತೆ ಮೊದಲಿನಿಂದ.

ಇನ್ನೊಂದು ಪ್ರಾಯೋಗಿಕ ಮಾತು. ಆರೋಗ್ಯದ ಡೇಟಾ ತೆಗೆಯುವ ಮೊದಲೇ ಎಥಿಕ್ಸ್ ಕಮಿಟಿಯ ಅನುಮತಿ ಬೇಕು, ಡೇಟಾ ತೆಗೆದ ಮೇಲೆ ಕೇಳಿದರೆ ಆಗದು. ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಮಿಟಿ ಇಲ್ಲದಿದ್ದರೆ ಬೇರೆ ಸಂಸ್ಥೆಯ ಕಮಿಟಿಯೊಡನೆ ಒಪ್ಪಂದ ಮಾಡಿಕೊಳ್ಳಲು ಅದೇ ಮಾರ್ಗಸೂಚಿಯಲ್ಲಿ ಅವಕಾಶವಿದೆ. ಇದಕ್ಕೆ ಸಮಯ ಹಿಡಿಯುತ್ತದೆ, ಆದ್ದರಿಂದ ಗೈಡ್ ಹತ್ತಿರ ಸೆಮಿಸ್ಟರ್ ಶುರುವಿನಲ್ಲೇ ಮಾತಾಡಿ. ಅರ್ಜಿಯ ಜೊತೆ ಒಪ್ಪಿಗೆ ಪತ್ರದ ಕನ್ನಡ, ಮರಾಠಿ ಪ್ರತಿಗಳನ್ನೂ ಇಡಿ.