ತಾನೇ ತಿದ್ದಿಕೊಳ್ಳುವ ತಂತ್ರಾಂಶ

ಮಂಗಳೂರಿನ ಉತ್ತರ ದಿಕ್ಕಿನಲ್ಲಿ, ಅರಬ್ಬೀ ಸಮುದ್ರದ ತೀರದಲ್ಲಿ ಸುರತ್ಕಲ್ ಎಂಬ ಊರಿದೆ. 1960ರಲ್ಲಿ ಅಲ್ಲಿ ಸ್ಥಾಪಿತವಾದ ಕರ್ನಾಟಕ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜು 2002ರಲ್ಲಿ ರಾಷ್ಟ್ರೀಯ ತಾಂತ್ರಿಕ ವಿದ್ಯಾಸಂಸ್ಥೆಯಾಯಿತು. ಅಲ್ಲಿಯ ವಿದ್ಯಾರ್ಥಿಗಳು ‘ಐರಿಸ್’ ಎಂಬ ತಂತ್ರಾಂಶವನ್ನು ತಾವೇ ರಚಿಸಿ ನಡೆಸುತ್ತಿದ್ದಾರೆ. ಪಠ್ಯವಿಷಯಗಳ ನೋಂದಣಿಯೇ ಮೊದಲಾದ ಕಾರ್ಯಗಳು ಅದರ ಮೂಲಕ ಸಾಗುತ್ತವೆ. ಅದನ್ನು ಕಟ್ಟಿದವರು ಪದವಿ ಪಡೆದು ಹೊರನಡೆಯುತ್ತಾರೆ. ಕಿರಿಯರು ಆ ಹೊಣೆಯನ್ನು ಹೊರುತ್ತಾರೆ.

ಇಂತಹ ತಂತ್ರಾಂಶಗಳು ಒಂಟಿಯಾಗಿ ನಿಲ್ಲುವುದಿಲ್ಲ. ದೇಶವಿದೇಶಗಳ ಸ್ವಯಂಸೇವಕರು ರಚಿಸಿ ಲೋಕಕ್ಕೆ ಮುಕ್ತವಾಗಿ ನೀಡಿದ ನೂರಾರು ಸಣ್ಣ ತಂತ್ರಾಂಶಗಳೇ ಅವುಗಳಿಗೆ ಅಡಿಪಾಯ. ಅವುಗಳಲ್ಲಿ ದೋಷ ಕಂಡುಬಂದಾಗ ರಚಿಸಿದವರು ತಿದ್ದುಪಡಿಯನ್ನು ಹೊರತರುತ್ತಾರೆ. ಆ ತಿದ್ದುಪಡಿಯನ್ನು ಯಂತ್ರವು ತಾನಾಗಿಯೇ ಸ್ವೀಕರಿಸಬೇಕೇ, ಅಥವಾ ಮನುಷ್ಯನ ಒಪ್ಪಿಗೆಗಾಗಿ ಕಾಯಬೇಕೇ?

ತಡಮಾಡುವುದು ಅಪಾಯಕರ. ಬೀಗ ಸಡಿಲವಾಗಿದೆಯೆಂಬ ಸುದ್ದಿ ಮನೆಯೊಡೆಯನಿಗೆ ತಿಳಿದಾಗ ಕಳ್ಳನಿಗೂ ತಿಳಿದಿರುತ್ತದೆ. 2021ರ ಡಿಸೆಂಬರಿನಲ್ಲಿ ‘ಲಾಗ್4ಜೆ’ ಎಂಬ ತಂತ್ರಾಂಶದಲ್ಲಿ ಘೋರವಾದ ದೋಷವೊಂದು ಬಯಲಾಯಿತು. ಅದನ್ನು ನೋಡಿಕೊಳ್ಳುತ್ತಿದ್ದ ಸ್ವಯಂಸೇವಕರು ಕೂಡಲೇ ತಿದ್ದುಪಡಿಯನ್ನು ನೀಡಿದರು. ಅದೂ ಸಾಲದೆಂದು ಕಂಡುಬಂದುದರಿಂದ ಅದೇ ತಿಂಗಳಲ್ಲಿ ಮತ್ತೆ ಮತ್ತೆ ತಿದ್ದಬೇಕಾಯಿತು. ಆದರೂ ಎಷ್ಟೋ ಯಂತ್ರಗಳಲ್ಲಿ ಹಳೆಯ ದೋಷವು ಬಹುಕಾಲ ಹಾಗೆಯೇ ಉಳಿಯಿತು. ನೋಡಿಕೊಳ್ಳುವವನು ಪರೀಕ್ಷೆಗೆ ಓದುತ್ತಿರಬಹುದು, ಊರಿಗೆ ಹೋಗಿರಬಹುದು. ದೋಷವು ಅವನಿಗಾಗಿ ಕಾಯುವುದಿಲ್ಲ. ಇದನ್ನು ಅರಿತೇ ‘ವರ್ಡ್‌ಪ್ರೆಸ್’ ತಂತ್ರಾಂಶವು 2013ರಿಂದ ಭದ್ರತೆಯ ಸಣ್ಣ ತಿದ್ದುಪಡಿಗಳನ್ನು ತಾನಾಗಿಯೇ ಅಳವಡಿಸಿಕೊಳ್ಳುವ ಏರ್ಪಾಡನ್ನು ಮಾಡಿಕೊಂಡಿತು.

ಆದರೆ ಆತುರವೂ ಅಪಾಯಕರವೇ. ‘ಎಕ್ಸ್‌ಜೆಡ್’ ಎಂಬ ತಂತ್ರಾಂಶವನ್ನು ಬಹುಕಾಲದಿಂದ ಸ್ವಯಂಸೇವಕನೊಬ್ಬನೇ ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತಿದ್ದನು. ಬಳಲಿದ ಅವನಿಗೆ ‘ಜಿಯಾ ತಾನ್’ ಎಂಬ ಹೆಸರಿನ ವ್ಯಕ್ತಿಯು ನೆರವಾಗುತ್ತ ಕ್ರಮೇಣ ವಿಶ್ವಾಸವನ್ನು ಗಳಿಸಿದನು. 2024ರಲ್ಲಿ ಹೊಸ ಆವೃತ್ತಿಯೊಳಗೆ ಗುಪ್ತದ್ವಾರವೊಂದನ್ನು ಅಡಗಿಸಿದನು. ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರನು, ಯಂತ್ರದ ಪ್ರವೇಶಕ್ಕೆ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದನ್ನು ಗಮನಿಸಿ, ಕಾರಣವನ್ನು ಹುಡುಕುತ್ತ ಹೋಗಿ ಮಾರ್ಚ್ ತಿಂಗಳಲ್ಲಿ ಈ ಮೋಸವನ್ನು ಬಯಲಿಗೆಳೆದನು. ಆ ವೇಳೆಗೆ ಅದು ಮುಖ್ಯವಾಗಿ ಲಿನಕ್ಸ್ ವ್ಯವಸ್ಥೆಗಳ ಪ್ರಾಯೋಗಿಕ ಆವೃತ್ತಿಗಳನ್ನು ಸೇರಿತ್ತು. ಹೊಸದನ್ನು ಪರೀಕ್ಷಿಸಿ, ತಡೆದು ಸ್ವೀಕರಿಸುವ ಸ್ಥಿರ ಆವೃತ್ತಿಗಳು ಪಾರಾದವು.

ಹಾಗಾದರೆ ಹಿತವಾದ ಮಾರ್ಗ ಯಾವುದು? ಪರೀಕ್ಷಿಸಲ್ಪಟ್ಟ ಭದ್ರತೆಯ ತಿದ್ದುಪಡಿಗಳು ತಾವಾಗಿಯೇ ಬರಲಿ. ತಂತ್ರಾಂಶದ ನಡೆಯನ್ನೇ ಬದಲಿಸುವ ದೊಡ್ಡ ಮಾರ್ಪಾಡುಗಳು ಮನುಷ್ಯನ ಒಪ್ಪಿಗೆಗಾಗಿ ಕಾಯಲಿ. ವಿಷಯಗಳ ನೋಂದಣಿ ನಡೆಯುವ ದಿನವೇ ತಂತ್ರಾಂಶವು ಹೊಸ ರೂಪ ತಾಳಿ ಕೆಟ್ಟುನಿಂತರೆ ವಿದ್ಯಾರ್ಥಿಗಳ ಪಾಡೇನು? ಆದುದರಿಂದ ಮಾಹಿತಿಯ ಪ್ರತಿಯೊಂದನ್ನು ಬೇರೆಡೆ ಕಾದಿರಿಸಿಕೊಂಡು, ಹಿಂದಿನ ಸ್ಥಿತಿಗೆ ಮರಳುವ ದಾರಿಯನ್ನೂ ಇರಿಸಿಕೊಳ್ಳಬೇಕು.

ಎಲ್ಲಕ್ಕಿಂತ ಮಿಗಿಲಾಗಿ, ತಿದ್ದುವ ಕೈಗಳು ಒಂಟಿಯಾಗಬಾರದು. ದಣಿದ ಒಬ್ಬನ ಹೆಗಲಮೇಲೆ ಇಡೀ ಭಾರವನ್ನು ಬಿಟ್ಟರೆ, ಯಂತ್ರವು ಎಷ್ಟು ಚುರುಕಾಗಿ ತನ್ನನ್ನು ತಿದ್ದಿಕೊಂಡರೂ ಫಲವಿಲ್ಲ. ಹಿರಿಯರು ಹೊರಡುವ ಮುನ್ನ ಕಿರಿಯರಿಗೆ ಕೆಲಸವನ್ನು ಕಲಿಸಿ ಒಪ್ಪಿಸುವುದೇ ಸ್ವಯಂಸೇವೆಯ ನಿಜವಾದ ಕಾವಲು.