ಹೊಸ ಬೂಟು, ಹಳೆಯ ಕಾಲು: ಮೋಟಾರು ಸೈಕಲ್ ಸವಾರಿಯ ಬೂಟನ್ನು ಪಳಗಿಸುವ ಬಗೆ



ಗೊಬ್ಬರ, ಔಷಧ ಸಿಂಪಡಣೆ, ಕೊಯ್ಲು, ಒಣಗಿಸುವಿಕೆ ಇವೇ ನಮ್ಮ ಪತ್ರಿಕೆಯ ವಾಡಿಕೆಯ ವಿಷಯಗಳು. ಈ ಸಲ ತೋಟಕ್ಕೆ ನಮ್ಮನ್ನು ಹೊತ್ತೊಯ್ಯುವ ಕಾಲಿನ ವಿಷಯವನ್ನು ಎತ್ತಿಕೊಂಡಿದ್ದೇವೆ. ಇಂದು ಒಂದೆರಡು ಎಕರೆಯ ಬೆಳೆಗಾರನ ಮನೆಯಲ್ಲಿಯೂ ಮೋಟಾರು ಸೈಕಲ್ ಇದೆ. ಹಾಲು, ಗೊಬ್ಬರದ ಚೀಲ, ಪಂಪಿನ ಬಿಡಿಭಾಗ, ಶಾಲೆಗೆ ಹೋಗುವ ಮಗು, ಎಲ್ಲವೂ ಅದರ ಮೇಲೆಯೇ. ಆದರೆ ಸವಾರನ ಕಾಲಿನಲ್ಲಿರುವುದು ಹವಾಯಿ ಚಪ್ಪಲಿ. ಇದು ಸರಿಯಲ್ಲವೆಂದು ನಾವು ಕಲಿತದ್ದು ಪುಸ್ತಕದಿಂದಲ್ಲ, ಪೆಟ್ಟಿನಿಂದ.

ನಮಗಾದ ಅನುಭವ

2022ರ ಸೆಪ್ಟೆಂಬರ್ ಮೊದಲ ವಾರ. ವೇದಾವತಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಪೂರ್ಣಗೊಳಿಸಿದ ನಮ್ಮ ಮಾರಿಕಣಿವೆಯ ವಾಣಿವಿಲಾಸ ಸಾಗರವು 1933ರ ನಂತರ ಮೊದಲ ಬಾರಿಗೆ ಕೋಡಿ ಬಿದ್ದಿತು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗ, ಎಲ್ಲ ಕಡೆಯ ಜನ ನೋಡಲು ನುಗ್ಗಿದರು. ನಾವೂ ಹೋದೆವು. ತಲೆಗೆ ಹೆಲ್ಮೆಟ್ಟು ಇತ್ತು, ಕಾಲಿಗೆ ಚಪ್ಪಲಿ ಇತ್ತು. ಹಿಂದಿರುಗುವಾಗ ಎದುರಿಗೆ ಲಾರಿ ಬಂತೆಂದು ರಸ್ತೆಯ ಅಂಚಿಗೆ ಸರಿದು ಎಡಗಾಲನ್ನು ನೆಲಕ್ಕೆ ಊರಿದೆವು. ಕೆಂಪು ಕೆಸರಿನಲ್ಲಿ ಚಪ್ಪಲಿ ಜಾರಿತು. ಗಾಡಿ ಎಡಕ್ಕೆ ಮಲಗಿತು. ಕಾಲು ಅದರ ಅಡಿಯಲ್ಲಿ ಸಿಕ್ಕಿತು. ವೇಗವೆಂದರೆ ನಡೆಯುವ ಎತ್ತಿನ ವೇಗ, ಅಷ್ಟೇ. ಹಾಗಿದ್ದರೂ ಹರಡಿನ ಮೂಳೆ ಮುರಿಯಿತು.

ಪಟ್ಟಿ ಕಟ್ಟಿದ ವೈದ್ಯರು, "ತಲೆಗೆ ಟೋಪಿ ಹಾಕಿದ್ದೀರಿ, ಸಂತೋಷ. ಕಾಲು ಯಾರದ್ದು, ಪಕ್ಕದ ಮನೆಯವರದ್ದೇ?" ಎಂದು ಕೇಳಿದರು. ಉತ್ತರ ಹೊಳೆಯಲಿಲ್ಲ. ಕೊಯ್ಲು ಆರಂಭವಾಗುವ ಹೊತ್ತು ಅದು. ತೋಟ ಸುತ್ತಲು, ಆಳುಗಳನ್ನು ಹುಡುಕಲು, ಬೇಯಿಸುವ ಹಂಡೆಯ ಮುಂದೆ ನಿಲ್ಲಲು ಕಾಲಿಲ್ಲ. ಆ ವರ್ಷದ ಫಸಲನ್ನು ಖೇಣಿದಾರರು ಕೇಳಿದ ಬೆಲೆಗೇ ಕೊಟ್ಟುಬಿಟ್ಟೆವು. ಸಣ್ಣ ಹಿಡುವಳಿದಾರನ ಒಂದು ಹರಡಿನ ಮೂಳೆ ಎಂದರೆ ಮನೆಯ ಒಂದು ವರ್ಷದ ಲೆಕ್ಕ. ಈ ಲೇಖನಕ್ಕೆ ಕಾರಣ ಇದೇ.

ಬೂಟು ಏಕೆ?

ನಾವು ಓಡಿಸುವ ಗಾಡಿಗಳ ತೂಕ ಸುಮಾರು 110 ಕಿಲೋದಿಂದ 190 ಕಿಲೋವರೆಗೆ. ಅದು ಪಕ್ಕಕ್ಕೆ ಬಿದ್ದಾಗ ಮೊದಲು ಸಿಕ್ಕುವುದು ಪಾದ ಮತ್ತು ಹರಡು. ಬೂಟಿನಿಂದ ನಾಲ್ಕು ಉಪಯೋಗಗಳಿವೆ: ಹರಡು ಅಡ್ಡಕ್ಕೆ ತಿರುಚದಂತೆ ಹಿಡಿಯುತ್ತದೆ, ಡಾಂಬರಿಗೆ ಉಜ್ಜಿದಾಗ ಚರ್ಮದ ಬದಲು ತಾನು ಸವೆಯುತ್ತದೆ, ಸೈಲೆನ್ಸರಿನ ಸುಡುವಿಕೆಯನ್ನು ತಡೆಯುತ್ತದೆ, ಕೆಸರಿನಲ್ಲಿ ಕಾಲೂರಿದಾಗ ಹಿಡಿತ ಕೊಡುತ್ತದೆ. ಕಿಕ್ಕರು ಹಿಂದಕ್ಕೆ ಒದೆಯುವ ಹಳೆಯ ಗಾಡಿಗಳನ್ನು ಇಟ್ಟುಕೊಂಡವರಿಗೆ ಐದನೆಯದೊಂದು ಉಪಯೋಗವೂ ಉಂಟು. ಮೈಸೂರಿನಲ್ಲಿ 1961ರಿಂದ ತಯಾರಾದ ಜಾವಾ ಮತ್ತು ಅದರ ನಂತರದ ಯೆಜ್ಡಿ ಗಾಡಿಗಳಲ್ಲಿ ಕಿಕ್ಕರು, ಗೇರು ಎರಡಕ್ಕೂ ಒಂದೇ ಸನ್ನೆ. ಅವನ್ನು ಬರಿಗಾಲಿನಲ್ಲಿ ಒದ್ದ ಹಿರಿಯರ ಕಣಕಾಲಿನ ಗುರುತುಗಳನ್ನು ನಮ್ಮಲ್ಲಿ ಹಲವರು ಕಂಡಿದ್ದೇವೆ.

ಚಪ್ಪಲಿ ಹಾಕಿ ಓಡಿಸಿದರೆ ದಂಡ ಎಂಬ ಮಾತು ಆಗಾಗ ಹಬ್ಬುತ್ತದೆ. ಮೋಟಾರು ವಾಹನ ಕಾನೂನಿನಲ್ಲಿ ಅಂತಹ ದಂಡವಿಲ್ಲವೆಂದು ಕೇಂದ್ರ ಸಾರಿಗೆ ಸಚಿವರ ಕಚೇರಿಯೇ 2019ರಲ್ಲಿ ತಿಳಿಸಿತ್ತು. ಪೊಲೀಸರ ಭಯಕ್ಕೆ ಬೂಟು ಬೇಡ, ನಮ್ಮ ಮೂಳೆಯ ಸಲುವಾಗಿ ಬೇಕು. ಖರ್ಚಿನ ಕ್ರಮವನ್ನೂ ಮರೆಯಬಾರದು. ಮೊದಲು ಐ.ಎಸ್. 4151 ಗುರುತಿನ ಹೆಲ್ಮೆಟ್ಟು, ಹಿಂದೆ ಕೂರುವವರಿಗೂ ಒಂದು. ಆಮೇಲೆ ಒಳ್ಳೆಯ ಟೈರು, ಬ್ರೇಕು. ಬೂಟು ಅವುಗಳ ನಂತರ.

ಯಾವ ಬೂಟು?

ಸವಾರಿಗೆಂದೇ ಮಾಡಿದ ಬೂಟುಗಳಲ್ಲಿ ಯುರೋಪಿನ ಇ.ಎನ್. 13634 ಗುರುತು ಇರುತ್ತದೆ. ಅದರ ಕೆಳಗೆ ನಾಲ್ಕು ಅಂಕಿಗಳು, ಒಂದೊಂದೂ 1 ಅಥವಾ 2. ಮೊದಲನೆಯದು ಎತ್ತರ, ಎರಡನೆಯದು ಉಜ್ಜುವಿಕೆಯನ್ನು ತಾಳುವ ಶಕ್ತಿ, ಮೂರನೆಯದು ಕೊಯ್ತವನ್ನು ತಾಳುವ ಶಕ್ತಿ, ನಾಲ್ಕನೆಯದು ಅಡ್ಡಲಾಗಿ ಅಮುಕಿದಾಗ ಕುಗ್ಗದಿರುವ ಬಿಗಿ. 2 ಇದ್ದರೆ ಹೆಚ್ಚು ರಕ್ಷಣೆ.

ಇಂತಹದನ್ನು ಕೊಳ್ಳುವುದು ಎಲ್ಲರಿಗೂ ಸಾಧ್ಯವಿಲ್ಲ. ಅದಕ್ಕಾಗಿ ಕೈಬಿಡಬೇಕಿಲ್ಲ. 2011ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಅಧ್ಯಯನದಲ್ಲಿ, ಸವಾರಿಗೆಂದೇ ಮಾಡದ ಸಾಧಾರಣ ಬೂಟು ತೊಟ್ಟವರಿಗೂ ಶೂ ತೊಟ್ಟವರಿಗಿಂತ ಪಾದದ ಗಾಯ ಕಡಿಮೆಯಾಗಿದ್ದುದು ಕಂಡುಬಂದಿದೆ. ಹರಡು ಮುಚ್ಚುವ, ಗಟ್ಟಿ ತೊಗಲಿನ, ಜಾರದ ಅಟ್ಟೆಯ ಕೆಲಸಗಾರರ ಬೂಟು ಬಡವನ ಆಯ್ಕೆ. ಐ.ಎಸ್. 15298 ಭಾಗ 2ರ ಗುರುತಿದ್ದರೆ ಮುಂತುದಿಯ ಟೋಪಿ 200 ಜೂಲಿನ ಪೆಟ್ಟನ್ನು ತಾಳುತ್ತದೆ. ಆದರೆ ಆ ಟೋಪಿಯಿಂದ ಮೂತಿ ದಪ್ಪವಾಗುತ್ತದೆ; ಗೇರಿನ ಸನ್ನೆಯ ಕೆಳಗೆ ಹೋಗುತ್ತದೆಯೇ ಎಂದು ಗಾಡಿಯ ಮೇಲೆ ಕುಳಿತು ನೋಡಿಯೇ ತೆಗೆದುಕೊಳ್ಳಬೇಕು.

ತೋಟದ ರಬ್ಬರ್ ಗಂಬೂಟು ಸವಾರಿಗೆ ತಕ್ಕುದಲ್ಲ. ಅದು ಸಡಿಲ, ಹರಡನ್ನು ಹಿಡಿಯುವುದಿಲ್ಲ, ಸೈಲೆನ್ಸರಿಗೆ ತಗುಲಿದರೆ ಕರಗುತ್ತದೆ. ಹಾಗೆಯೇ ಸವಾರಿಯ ಬೂಟನ್ನು ತೊಟ್ಟು ಬೋರ್ಡೋ ದ್ರಾವಣ ಸಿಂಪಡಿಸಬಾರದು. ಸುಣ್ಣವೂ ಮೈಲುತುತ್ತವೂ ತೊಗಲನ್ನು ಕೆಡಿಸುತ್ತವೆ.

ಕೊಳ್ಳುವುದಕ್ಕೆ ಸಂಜೆಯ ಹೊತ್ತು ಒಳ್ಳೆಯದು. ದಿನವಿಡೀ ನಡೆದ ಪಾದ ಆಗ ತುಸು ಉಬ್ಬಿರುತ್ತದೆ. ನಿತ್ಯ ಹಾಕುವ ಕಾಲುಚೀಲವನ್ನು ತೊಟ್ಟೇ ಹೋಗಿ. ಎರಡು ಪಾದಗಳೂ ಒಂದೇ ಅಳತೆ ಇರುವುದಿಲ್ಲ. ದೊಡ್ಡ ಪಾದಕ್ಕೆ ಹೊಂದಿಸಿ. ಹೆಬ್ಬೆರಳ ಮುಂದೆ ಅರ್ಧ ಬೆರಳಗಲ ಜಾಗವಿರಲಿ, ಹಿಮ್ಮಡಿ ಮೇಲೇಳದಿರಲಿ.

ನಾವು ಮಾಡಿದ ತಪ್ಪು

ಕಾಲು ಕೂಡಿಬಂದ ಮೇಲೆ ಬೂಟು ಕೊಂಡೆವು. ಮಾರನೆಯ ದಿನವೇ ಅದನ್ನು ತೊಟ್ಟು ಹಿರಿಯೂರಿನಿಂದ ಹೊಸದುರ್ಗಕ್ಕೆ ಹೊರಟೆವು. ದಾರಿಯಲ್ಲಿ ಗೇರು ಎರಡು ಸಲ ತಪ್ಪಿತು. ಬ್ರೇಕಿನ ಮೇಲೆ ಕಾಲು ಇದೆಯೋ ಇಲ್ಲವೋ ತಿಳಿಯಲಿಲ್ಲ. ಊರು ಸೇರುವಷ್ಟರಲ್ಲಿ ಎರಡೂ ಹಿಮ್ಮಡಿಗಳಲ್ಲಿ ಬೊಬ್ಬೆ ಎದ್ದಿತ್ತು. ದುಡ್ಡು ದಂಡವಾಯಿತೆಂದು ಬೂಟನ್ನು ಅಟ್ಟಕ್ಕೆ ಹಾಕಿ ಮತ್ತೆ ಚಪ್ಪಲಿ ಮೆಟ್ಟಿದೆವು.

ಕೆಲವು ತಿಂಗಳ ನಂತರ, ಚಪ್ಪಲಿಯ ಉಂಗುಷ್ಠ ಹೊಲಿಸಲು ಬಸ್ ನಿಲ್ದಾಣದ ಬಳಿ ಕೂರುವ ಹಿರಿಯ ಕುಶಲಕರ್ಮಿಯೊಬ್ಬರ ಹತ್ತಿರ ಹೋದಾಗ ಈ ಮಾತು ಬಂತು. ಅವರು ನಕ್ಕು, "ಹೊಸಾ ಹೋರಿಗೆ ಮೊದಲ್ನೇ ದಿನವೇ ನೊಗ ಹೊರ್ಸಿ ಇಡೀ ಹೊಲ ಹೂಡ್ತೀರಾ ಯಜಮಾನ್ರೆ? ತೊಗಲಿಗೂ ಪಳಗಾಕೆ ಟೈಮು ಕೊಡ್ರಿ," ಎಂದರು. ಹರಳಯ್ಯ ಶರಣರ ಕಥೆಯನ್ನು ಕೇಳುತ್ತ ಬೆಳೆದ ಸೀಮೆ ನಮ್ಮದು. ಆದರೆ ತೊಗಲು ಬಲ್ಲವರ ಮಾತನ್ನು ಕೇಳಲು ನಾವು ಮಾತ್ರ ಕಾಲು ಮುರಿದುಕೊಂಡು, ಬೊಬ್ಬೆ ಎಬ್ಬಿಸಿಕೊಂಡು ಬರಬೇಕಾಯಿತು. ಅವರು ಹೇಳಿದ್ದನ್ನೂ ನಾವು ಮಾಡಿ ತಿಳಿದದ್ದನ್ನೂ ಸೇರಿಸಿ ಕೆಳಗಿನ ಕ್ರಮವನ್ನು ಕೊಟ್ಟಿದ್ದೇವೆ.

ಪಳಗಿಸುವ ಕ್ರಮ

1. ಮೊದಲ ಮೂರು ದಿನ, ಮನೆಯಲ್ಲಿ: ದಪ್ಪ ಹತ್ತಿಯ ಅಥವಾ ಉಣ್ಣೆಯ ಕಾಲುಚೀಲ ತೊಟ್ಟು ದಿನಕ್ಕೆ ಅರ್ಧ ಗಂಟೆ ಅಂಗಳದಲ್ಲಿ ನಡೆಯಿರಿ. ಮೆಟ್ಟಿಲು ಹತ್ತಿ ಇಳಿಯಿರಿ, ಕುಕ್ಕರಗಾಲಿನಲ್ಲಿ ಕುಳಿತು ಏಳಿ. ತೊಗಲು ಮಡಿಯಬೇಕಾದ ಕಡೆ ಮಡಿಕೆ ಬೀಳುತ್ತದೆ. ಎಲ್ಲಿ ಉಜ್ಜುತ್ತದೆಂದು ಗುರುತಿಟ್ಟುಕೊಂಡು ಅಲ್ಲಿಗೆ ಮಾತ್ರ ಬೂಟಿನ ತೊಗಲಿಗೆಂದು ಮಾರುವ ಮೇಣವನ್ನು ತೆಳ್ಳಗೆ ಸವರಿ. ನೀರಿನಲ್ಲಿ ನೆನೆಸುವುದು, ಒಲೆಯ ಮುಂದೆ ಕಾಯಿಸುವುದು, ಎಣ್ಣೆ ಸುರಿಯುವುದು ಬೇಡ. ತೊಗಲು ಬಿರಿಯುತ್ತದೆ, ಇಲ್ಲವೇ ಅತಿ ಮೆದುವಾಗಿ ಹರಡಿನ ಹಿಡಿತವೇ ಹೋಗುತ್ತದೆ.

2. ನಾಲ್ಕನೆಯ ದಿನ, ನಿಂತ ಗಾಡಿಯ ಮೇಲೆ: ನಡುಸ್ಟ್ಯಾಂಡು ಹಾಕಿ, ಎಂಜಿನ್ ಆರಿಸಿ ಕುಳಿತುಕೊಳ್ಳಿ. ಎಡಗಾಲಿನ ಮೂತಿ ಗೇರಿನ ಸನ್ನೆಯ ಕೆಳಗೆ ಸಲೀಸಾಗಿ ಹೋಗಬೇಕು. ಹೋಗದಿದ್ದರೆ ಸನ್ನೆಯನ್ನು ಬಿಗಿದ ಬೋಲ್ಟು ಸಡಿಲಿಸಿ, ಹಲ್ಲಿನ ಮೇಲೆ ಒಂದು ಹಲ್ಲು ಮೇಲಕ್ಕೆ ಸರಿಸಿ ಮತ್ತೆ ಬಿಗಿಯಬಹುದು. ಗೊತ್ತಿಲ್ಲದವರು ಮೆಕ್ಯಾನಿಕ್ಕಿನಿಂದ ಮಾಡಿಸಿ. ಹಿಮ್ಮಡಿಯ ಕಡೆಗೂ ಸನ್ನೆ ಇರುವ ಗಾಡಿಗಳಲ್ಲಿ ಮೂತಿಯಿಂದ ಎತ್ತುವ ಬದಲು ಹಿಮ್ಮಡಿಯಿಂದ ಒತ್ತುವುದನ್ನು ರೂಢಿ ಮಾಡಿ. ಹಳೆಯ ಬುಲೆಟ್ಟುಗಳಲ್ಲಿ ಗೇರು ಬಲಗಡೆ, ಬ್ರೇಕು ಎಡಗಡೆ ಎಂಬುದನ್ನು ಅವುಗಳ ಒಡೆಯರು ನೆನಪಿಡಬೇಕು.

3. ಅದೇ ದಿನ, ಬ್ರೇಕಿನ ಪರೀಕ್ಷೆ: ಬಲಗಾಲನ್ನು ಎಂದಿನಂತೆ ಇಟ್ಟು, ಇನ್ನೊಬ್ಬರಿಂದ ಹಿಂದಿನ ಗಾಲಿಯನ್ನು ಕೈಯಲ್ಲಿ ತಿರುಗಿಸಿ ನೋಡಿ. ಗಾಲಿ ಬಿಗಿಯಾಗಿದ್ದರೆ ಅಥವಾ ಬ್ರೇಕಿನ ದೀಪ ಹತ್ತಿದರೆ, ದಪ್ಪ ಅಟ್ಟೆ ತಿಳಿಯದಂತೆ ಪೆಡಲನ್ನು ಒತ್ತುತ್ತಿದೆ ಎಂದರ್ಥ. ಹೀಗೆ ಓಡಿಸಿದರೆ ಬ್ರೇಕು ಕಾದು ಸವೆಯುತ್ತದೆ, ಹಿಂದೆ ಬರುವವನಿಗೂ ದೀಪ ಸುಳ್ಳು ಹೇಳುತ್ತದೆ. ಅನೇಕ ಡ್ರಮ್ ಬ್ರೇಕಿನ ಗಾಡಿಗಳಲ್ಲಿ ಪೆಡಲಿನ ಸಡಿಲು 20ರಿಂದ 30 ಮಿಲಿಮೀಟರು ಇರಬೇಕು. ನಿಮ್ಮ ಗಾಡಿಯ ಕೈಪಿಡಿಯಂತೆ ಹೊಂದಿಸಿ.

4. ಐದು, ಆರನೆಯ ದಿನ, ಬಯಲಿನಲ್ಲಿ: ಖಾಲಿ ಕಣವೋ ಮೈದಾನವೋ ನೋಡಿಕೊಂಡು ಒಂದನೆಯ, ಎರಡನೆಯ ಗೇರಿನಲ್ಲಿ ಸುತ್ತಿ. ನಿಲ್ಲಿಸುವುದು, ಕಾಲೂರುವುದು, ಮತ್ತೆ ಹೊರಡುವುದು, ಇದನ್ನು ಇಪ್ಪತ್ತು ಸಲವಾದರೂ ಮಾಡಿ. ಕಾಲಿಗೆ ಹಿಂದೆ ಬೆರಳ ತುದಿಯಿಂದ ತಿಳಿಯುತ್ತಿದ್ದುದು ಈಗ ಅಟ್ಟೆಯ ಮೂಲಕ, ಒತ್ತಡದಿಂದ ತಿಳಿಯಬೇಕು. ಈ ಹೊಸ ಅರಿವು ಬರುವ ತನಕ ಜನಸಂದಣಿಗೆ ಹೋಗಬಾರದು.

5. ಏಳನೆಯ ದಿನದಿಂದ, ಹತ್ತಿರದ ತೋಟಕ್ಕೆ: ಮೊದಲು ಒಂದೆರಡು ಮೈಲಿ, ಮೆಲ್ಲಗೆ ಹೆಚ್ಚಿಸುತ್ತ ಹೋಗಿ. ಹಿಂದೆ ಹೆಂಡತಿ ಮಕ್ಕಳನ್ನಾಗಲಿ ಮೂಟೆಯನ್ನಾಗಲಿ ಆ ವಾರ ಕೂರಿಸಬೇಡಿ. ಹಿರಿಯೂರಿನಲ್ಲಿ ಕೂಡುವ 48 ಮತ್ತು 150ಎ ಹೆದ್ದಾರಿಗಳಿಗೆ ಎರಡು ವಾರ ಕಳೆದ ಮೇಲೆ ಇಳಿದರೆ ಸಾಕು.

ಎಚ್ಚರಿಕೆಗಳು

ಲಾಡಿಯ ತುದಿಗಳನ್ನು ಬೂಟಿನೊಳಗೆ ಸಿಕ್ಕಿಸಿ. ಹೊರಗೆ ಜೋತಾಡುವ ಲಾಡಿ ಗೇರಿನ ಸನ್ನೆಗೋ ಕಿಕ್ಕರಿಗೋ ಸುತ್ತಿಕೊಂಡರೆ ನಿಲ್ಲಿಸಿದಾಗ ಕಾಲು ಊರಲಾಗದೆ ಬೀಳುತ್ತೀರಿ. ಕೆಸರು ತುಂಬಿದ ಅಟ್ಟೆ ಚಪ್ಪಲಿಯಂತೆಯೇ ಜಾರುತ್ತದೆ. ಗಾಡಿ ಹತ್ತುವ ಮೊದಲು ಕಲ್ಲಿಗೆ ಕೆರೆದುಕೊಳ್ಳಿ.

ಬೊಬ್ಬೆ ಎದ್ದರೆ ಒಡೆಯಬೇಡಿ. ತೊಳೆದು ಪಟ್ಟಿ ಹಾಕಿ, ಆರುವ ತನಕ ಬೂಟಿಗೆ ರಜೆ ಕೊಡಿ. ಸಕ್ಕರೆ ಕಾಯಿಲೆ ಇರುವವರಿಗೆ ಪಾದದ ಗಾಯ ತಿಳಿಯದೆಯೇ ದೊಡ್ಡದಾಗಬಹುದು. ಅವರು ಪ್ರತಿ ಸಂಜೆ ಪಾದವನ್ನು ಬೆಳಕಿನಲ್ಲಿ ನೋಡಿಕೊಳ್ಳಬೇಕು, ಗಾಯವಿದ್ದರೆ ವೈದ್ಯರ ಬಳಿಗೆ ಹೋಗಬೇಕು.

ರಾತ್ರಿ ಹೊರಗಿಟ್ಟ ಬೂಟಿನಲ್ಲಿ ಚೇಳು, ಹಾವಿನ ಮರಿ ಸೇರಿಕೊಳ್ಳುವುದುಂಟು. ತೊಡುವ ಮೊದಲು ಮಗುಚಿ ನೆಲಕ್ಕೆ ಬಡಿದು ನೋಡುವುದು ಮನೆಯ ನಿಯಮವಾಗಲಿ.

ಒದ್ದೆಯಾದ ಬೂಟಿಗೆ ಹಳೆಯ ವೃತ್ತಪತ್ರಿಕೆಯನ್ನು ತುರುಕಿ ನೆರಳಿನಲ್ಲಿ ಆರಿಸಿ. ಕಾಫಿ ಸೀಮೆಯ ಸದಸ್ಯರಿಗೆ ಮಳೆಗಾಲದಲ್ಲಿ ಬೂಷ್ಟಿನ ಕಾಟ ಹೆಚ್ಚು. ಅವರು ವಾರಕ್ಕೊಮ್ಮೆ ಒಣಬಟ್ಟೆಯಿಂದ ಒರೆಸಿ ಮೇಣ ಹಚ್ಚಬೇಕು, ಮುಚ್ಚಿದ ಪೆಟ್ಟಿಗೆಯಲ್ಲಿ ಇಡಬಾರದು. ನಮ್ಮ ಬಯಲು ಸೀಮೆಯಲ್ಲಿ ಬಿಸಿಲೇ ಶತ್ರು: ಅಡಿಕೆ ಒಣಗಿಸುವ ಅಂಗಳದಲ್ಲಿ ಬೂಟನ್ನೂ ಒಣಗಲು ಇಟ್ಟರೆ ಒಂದೇ ಬೇಸಿಗೆಯಲ್ಲಿ ಸೀಳುತ್ತದೆ.

ಕೊನೆಯ ಮಾತು

ಬೂಟು ತೊಟ್ಟವನಿಗೆ ಪೆಟ್ಟೇ ಆಗುವುದಿಲ್ಲವೆಂದು ನಾವು ಹೇಳುತ್ತಿಲ್ಲ. ವೇಗ ಮಿತಿ ಮೀರಿದರೆ ಯಾವ ತೊಗಲೂ ಕಾಯದು. ಆದರೆ ನಮ್ಮಂತಹವರು ಬೀಳುವುದು ಬಹುಮಟ್ಟಿಗೆ ಕಾಲುವೆ ಏರಿಯಲ್ಲಿ, ತೋಟದ ತಿರುವಿನಲ್ಲಿ, ಮೆಲ್ಲಗೆ ಹೋಗುವಾಗಲೇ. ಆ ಸಣ್ಣ ಬೀಳುವಿಕೆಯಲ್ಲಿ ಬೂಟು ದೊಡ್ಡ ಕೆಲಸ ಮಾಡುತ್ತದೆ.

ಕಳೆದ ಮುಂಗಾರಿನಲ್ಲಿ ಅಂಥದೇ ಕೆಸರಿನಲ್ಲಿ ನಮ್ಮ ಗಾಡಿ ಮತ್ತೊಮ್ಮೆ ಎಡಕ್ಕೆ ಮಲಗಿತು. ಬೂಟಿನ ಹರಡಿನ ಮೇಲೆ ಒಂದು ಗೀರು ಬಿತ್ತು. ಎದ್ದು, ಕೆಸರು ಒರೆಸಿಕೊಂಡು ತೋಟಕ್ಕೆ ಹೋದೆವು. ಆ ವರ್ಷದ ಕೊಯ್ಲನ್ನು ಖೇಣಿಗೆ ಕೊಡಲಿಲ್ಲ. ನಾವೇ ನಿಂತು ಮಾಡಿಸಿದೆವು.