ಹಲ್ಲಿನ ಹುಳುಕಿಗೆ ರಾಳದ ಚಿಕಿತ್ಸೆ: ತೇವದ ಕಾಟ

ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗ ರಾಳದ ಅಂಟು ಬೆರೆಸುವ ಪದ್ಧತಿ ಸದಸ್ಯ ಬಾಂಧವರಿಗೆ ಹೊಸದಲ್ಲ. ನೀರು ತೊಟ್ಟಿಕ್ಕುವ ಗೊನೆಗೆ ಹೊಡೆದ ಔಷಧ ನಿಲ್ಲುವುದಿಲ್ಲವೆಂಬುದೂ ಎಲ್ಲರಿಗೂ ಗೊತ್ತು. ಹಲ್ಲಿನ ಹುಳುಕಿಗೆ ಆರಂಭದಲ್ಲೇ ಮಾಡುವ ರಾಳದ ಚಿಕಿತ್ಸೆಗೂ ತೇವದ್ದೇ ಕಾಟ. ಇಲ್ಲಿ ಬಳಸುವುದು ಮರದ ರಾಳವಲ್ಲ. ರೆಸಿನ್ ಎಂಬ ತೆಳ್ಳನೆಯ ಕೃತಕ ದ್ರವ.

ಸಿಹಿ ತಿಂದಾಗ ಬಾಯಿಯ ಸೂಕ್ಷ್ಮಾಣುಗಳಿಂದ ಹುಟ್ಟುವ ಆಮ್ಲವು ಹಲ್ಲಿನ ಹೊರಕವಚವಾದ ಎನಾಮಲಿನ ಖನಿಜವನ್ನು ಒಳಗೊಳಗೇ ಕರಗಿಸುತ್ತದೆ. ಮೇಲ್ಮೈ ಗಟ್ಟಿಯಾಗಿದ್ದರೂ ಅಡಿಯಲ್ಲಿ ಅತಿಸಣ್ಣ ರಂಧ್ರಗಳಾಗುತ್ತವೆ. ಹೊರಗಿನಿಂದ ನೋಡಿದರೆ ಸುಣ್ಣದ ಬಿಳುಪಿನ ಮಚ್ಚೆ. ಒಣಗಿಸಿದಾಗ ಮಾತ್ರ ಕಾಣುವ ಮಚ್ಚೆ ಮೇಲುಮೇಲಿನದು, ಒದ್ದೆಯಿದ್ದಾಗಲೂ ಕಾಣುವುದು ಹೆಚ್ಚು ಆಳದ್ದು ಎಂದು ವೈದ್ಯರು ಅಂದಾಜಿಸುತ್ತಾರೆ. (ಬಿಳಿ ಕಂಡದ್ದೆಲ್ಲ ಹುಳುಕಲ್ಲ; ಫ್ಲೋರೈಡ್ ಹೆಚ್ಚಿರುವ ನೀರಿನಿಂದಲೂ ಹಾಗಾಗುತ್ತದೆ.)

ಜರ್ಮನಿಯ ಬರ್ಲಿನ್ ಮತ್ತು ಕೀಲ್ ನಗರಗಳ ಸಂಶೋಧಕರು ರೂಪಿಸಿದ ಈ ಚಿಕಿತ್ಸೆ 2009ರಲ್ಲಿ ಬಳಕೆಗೆ ಬಂತು. ಕೊರೆಯುವ ಕೆಲಸವಿಲ್ಲ. ಮೊದಲು ಶೇ. 15ರ ಹೈಡ್ರೋಕ್ಲೋರಿಕ್ ಆಮ್ಲದ ಲೇಪವನ್ನು 2 ನಿಮಿಷ ಇಟ್ಟು ಮೇಲಿನ ಗಟ್ಟಿ ಪೊರೆ ತೆಗೆಯುತ್ತಾರೆ. 30 ಸೆಕೆಂಡು ತೊಳೆದು ಗಾಳಿಯೂದಿ ಒಣಗಿಸುತ್ತಾರೆ. ಇಷ್ಟಾದರೂ ರಂಧ್ರದ ಆಳದ ನೀರು ಹೋಗುವುದಿಲ್ಲ. ಆದ್ದರಿಂದ 30 ಸೆಕೆಂಡು ಮದ್ಯಸಾರ ಹಚ್ಚುತ್ತಾರೆ. ಅದು ನೀರಿನೊಡನೆ ಬೆರೆತು, ಬೇಗನೆ ಆರಿ, ಜಾಗವನ್ನು ಬರಿದು ಮಾಡುತ್ತದೆ. ಆಮೇಲೆ ರಾಳ 3 ನಿಮಿಷ, ದೀಪದ ಬತ್ತಿ ಎಣ್ಣೆ ಹೀರುವಂತೆ ಒಳಗಿಳಿಯುತ್ತದೆ. ವಿಶೇಷ ಬೆಳಕು ಹಾಯಿಸಿದಾಗ ಅದು ಗಟ್ಟಿಯಾಗಿ ಆಮ್ಲದ ದಾರಿ ಮುಚ್ಚುತ್ತದೆ. ಇನ್ನೊಮ್ಮೆ 1 ನಿಮಿಷ ಹಚ್ಚುವುದೂ ಉಂಟು.

ರಾಳಕ್ಕೂ ನೀರಿಗೂ ಆಗಿಬರುವುದಿಲ್ಲ. ರಂಧ್ರದಲ್ಲಿ ನೀರು ಉಳಿದಿದ್ದರೆ ರಾಳ ಅರ್ಧಕ್ಕೇ ನಿಲ್ಲುತ್ತದೆ, ಸರಿಯಾಗಿ ಗಟ್ಟಿಯಾಗುವುದೂ ಇಲ್ಲ. ಎಂಜಲು ತಾಗಿದರಂತೂ ಅದರ ಲೋಳೆ ರಂಧ್ರದ ಬಾಯಿ ಮುಚ್ಚುತ್ತದೆ. ಹಿಂದಿನ ಹಂತಗಳನ್ನು ಮತ್ತೆ ಮಾಡಬೇಕಾದೀತು. ಹಲ್ಲಿನ ಸುತ್ತ ರಬ್ಬರ್ ಹಾಳೆ ಬಿಗಿಯುವುದು ಇದಕ್ಕಾಗಿಯೇ. ಮಕ್ಕಳು ಅದಕ್ಕೆ ಹೆದರುತ್ತಾರೆ. ಮನೆಯಲ್ಲೇ ವಿಷಯ ತಿಳಿಸಿ ಕರೆದೊಯ್ದರೆ ಅರ್ಧ ಕೆಲಸ ಆದಂತೆ. ನಡುವೆ ನಾಲಿಗೆ ತಾಗಿಸುವುದು, ಉಗುಳಲು ಏಳುವುದು ಕೂಡದು. ವಸಡಿನ ರಕ್ತವೂ ತೇವವೇ. ಆದ್ದರಿಂದ ಹಿಂದಿನ ಒಂದೆರಡು ವಾರ ಹಲ್ಲುಜ್ಜುವುದರಲ್ಲಿ ಉದಾಸೀನ ಬೇಡ.

ಮಳೆಗಾಲದಲ್ಲಿ ಮಾಡಿಸಬಹುದೇ ಎಂದು ಕೆಲವರು ಕೇಳಬಹುದು. ಅಡ್ಡಿಯಿಲ್ಲ, ಹೊರಗಿನ ಹವೆಗಿಂತ ಬಾಯೊಳಗಿನ ತೇವವೇ ಇಲ್ಲಿ ಮುಖ್ಯ. ಆದರೆ ಕುಯಿಲು ಮುಗಿಯಲಿ, ಆಮೇಲೆ ನೋಡೋಣ ಎಂದು ಮುಂದೂಡುವುದು ಸರಿಯಲ್ಲ. ಹಲ್ಲಿನಲ್ಲಿ ಗುಳಿ ಬಿದ್ದ ಮೇಲೆ ಈ ರಾಳದಿಂದ ಪ್ರಯೋಜನವಿಲ್ಲ, ಸಿಮೆಂಟನ್ನೋ ಬೇರೆ ವಸ್ತುವನ್ನೋ ತುಂಬಿಸಲೇಬೇಕು. ಎಲ್ಲ ಮಚ್ಚೆಗೂ ರಾಳ ಬೇಕೆಂದಿಲ್ಲ. ಕೆಲವಕ್ಕೆ ಫ್ಲೋರೈಡ್ ಲೇಪವೇ ಸಾಕಾಗುತ್ತದೆ.

ಈ ರಾಳ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಮುಂದೆ ಬೇರೆ ವೈದ್ಯರು ನೋಡಿದರೆ ಹುಳುಕು ಹಾಗೇ ಇದೆಯೆಂದು ಕೊರೆಯಲು ಹೊರಟಾರು. ಯಾವ ಹಲ್ಲಿಗೆ, ಯಾವ ದಿನ ಹಾಕಿಸಿದಿರೆಂಬ ಚೀಟಿ ಬರೆಸಿಕೊಂಡು ಜೋಪಾನವಾಗಿಡಿ.